ಸೊಗಡು ಬಂದ ದಿನ

ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಇವತ್ತಿಗೂ ರಾಜಾಜಿನಗರದ ಆ ಮಧ್ಯಾಹ್ನ ಕಣ್ಣೆದುರು ಬರುತ್ತದೆ.

ಆ ಚಳಿಗಾಲದಲ್ಲಿ ವಾರವಿಡೀ ಮೋಡ, ನಡುನಡುವೆ ತುಂತುರು, ಗಳಿಗೆ ಬಿಸಿಲು. ಹಾಸಿಗೆ ಹಿಡಿದಿದ್ದ ಅಮ್ಮನಿಗೆ ಹಿತಕಿದ ಬೇಳೆ ಸಾರಿನ ಆಸೆ. ಕುರುಬರಹಳ್ಳಿಯಿಂದ ಕಾಯಿ ತರುತ್ತಿದ್ದವಳು ದಿನವೂ ಅಜ್ಜಿಗೆ, "ಇಬ್ಬನಿನೇ ಬಿದ್ದಿಲ್ಲ ಅಜ್ಜಮ್ಮ, ಸೊಗಡು ಎಲ್ಲಿಂದ ಬಂದಾತು?" ಎನ್ನುತ್ತಿದ್ದಳು.

"ಸೊಗಡಿಲ್ದಿದ್ರೂ ಸರಿ, ಮಾಡಮ್ಮ," ಎಂದಳು ಅಮ್ಮ.

"ಸಪ್ಪೆ ಸಾರು ಯಾಕೇ? ಮೋಡ ಸರೀಲಿ, ತಾಳು," ಎಂದರು ಅಜ್ಜಿ.

ಕೊನೆಗೊಂದು ರಾತ್ರಿ ಮೋಡ ಚದುರಿ ಇಬ್ಬನಿ ಸುರಿಯಿತು. ಬೆಳಗಿನ ಜಾವ ಅಮ್ಮ ತೀರಿಕೊಂಡಳು.

ಮಧ್ಯಾಹ್ನ, "ಇವತ್ತು ಘಮ್ ಅಂತೈತೆ!" ಎಂದು ಕೂಗುತ್ತ ಬಂದವಳು ಬಾಗಿಲಲ್ಲಿ ನೆರೆದ ಜನರನ್ನು ಕಂಡು ಬುಟ್ಟಿ ಇಳಿಸಿದಳು. ಅಜ್ಜಿ ಎದ್ದು ಬಂದು ಒಂದು ಕಾಯಿ ತೆಗೆದುಕೊಂಡರು. ನಡುಮನೆಯಲ್ಲಿ ಮಲಗಿಸಿದ್ದ ಅಮ್ಮನ ಪಕ್ಕ ಕುಳಿತು, ಅದನ್ನು ಬೆರಳಲ್ಲಿ ಉಜ್ಜಿ, ಅವಳ ಮೂಗಿನ ಹತ್ತಿರ ಹಿಡಿದರು.