ಬೆಣ್ಣೆಯಂಥ ಗೇರ್‌ಬಾಕ್ಸ್

ಭಾವಮೈದುನ ಹಳೆಯ ಆಟೋಮ್ಯಾಟಿಕ್ ಕಾರು ಕೊಳ್ಳುತ್ತಾನೆಂದರೆ ಗೇರ್‌ಬಾಕ್ಸ್ ಪರೀಕ್ಷಿಸಲು ಷಡಕ್ಷರಿಯಲ್ಲದೆ ಇನ್ಯಾರು ಹೋಗಬೇಕು? ವಾರವಿಡೀ ಮೊಬೈಲಿನಲ್ಲಿ ವಿಡಿಯೊ ನೋಡಿ ಪಂಡಿತನಾಗಿದ್ದ. ಏರುಬೀದಿಯ ಮೇಲ್ತುದಿಯ ಮನೆಯೆದುರು ಕಾರು ನಿಂತಿತ್ತು. ಒಡತಿ ಏನೋ ಹೇಳಲು ಬಂದರು. ಈತ ಕೈಯೆತ್ತಿ ತಡೆದ.

“ನೀವು ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ ಮೇಡಂ. ಇದೆಲ್ಲ ನಿಮಗೆ ತಿಳಿಯೋದಲ್ಲ.”

ಆಕೆ ಕೂತರು. ಷಡಕ್ಷರಿ ಎಂಜಿನ್ ಶುರು ಮಾಡಿ, ಹಿಂದಿನ ಸೀಟಿನ ಭಾವಮೈದುನನತ್ತ ತಿರುಗಿ ಪಾಠ ಹೇಳುತ್ತಲೇ ಗೇರ್ ಎಳೆದು ಬ್ರೇಕ್ ಬಿಟ್ಟ. ಕಾರು ಮೆಲ್ಲಗೆ ಹೊರಟಿತು.

“ನೋಡ್ದಾ, ಆಕ್ಸಿಲರೇಟರ್ ಮುಟ್ಟೇ ಇಲ್ಲ, ಹೆಂಗೆ ಹೋಗ್ತಿದೆ! ಗೇರ್ ಬದಲಾಗೋದು ಏನಾದ್ರೂ ಗೊತ್ತಾಗ್ತಿದ್ಯಾ?”

“ಒಂಚೂರೂ ಇಲ್ಲ ಭಾವ.”

“ಬೆಣ್ಣೆ ಕಣೋ, ಬೆಣ್ಣೆ! ಕಣ್ಮುಚ್ಕೊಂಡು ತಗೋ.”

ಬೀದಿ ಮುಗಿದು ಸಮತಟ್ಟು ಸಿಕ್ಕಿದ್ದೇ ಕಾರು ನಿಂತುಬಿಟ್ಟಿತು. ಷಡಕ್ಷರಿ ಆಕ್ಸಿಲರೇಟರ್ ಒತ್ತಿದ. ಎಂಜಿನ್ ಬೊಬ್ಬಿರಿಯಿತು, ಕಾರು ಮಿಸುಕಲಿಲ್ಲ.

“ಗೇರ್‌ಬಾಕ್ಸೇ ಹೋಗಿದೆ! ನನಗೇ ಟೋಪಿ ಹಾಕೋಕೆ ನೋಡ್ತೀರೇನ್ರೀ?”

“ಗೇರ್ ಇನ್ನೂ ನ್ಯೂಟ್ರಲ್‌ನಲ್ಲೇ ಇದೆ,” ಎಂದರು ಆಕೆ. “ಇಷ್ಟೊತ್ತು ನೀವು ಹೊಗಳಿದ್ದು ನಮ್ಮ ಬೀದಿಯ ಇಳಿಜಾರನ್ನ.”