ಅರುಗು ಮನೆ

"ಇದೇ ನೋಡಿ, ಅರಗಿನ ಮನೆ!" ಎಂದು ಮುರಳಿಮೋಹನ್ ಮೈಕಿನಲ್ಲಿ ಕೂಗಿದಾಗ, ಒಳಗೆ ಸೊಪ್ಪು ಸೋಸುತ್ತಿದ್ದ ಮುನಿಶಾಮಮ್ಮ ಮೊರ ಹಿಡಿದುಕೊಂಡೇ ಹೊರಗೆ ಬಂದಳು. ಟೋಪಿ ಹಾಕಿಕೊಂಡು, ನೀರಿನ ಬಾಟಲಿ ಹಿಡಿದುಕೊಂಡು ಒಂದಷ್ಟು ಜನ ಅವಳ ಮನೆಯನ್ನು ಮೇಲಿಂದ ಕೆಳಕ್ಕೆ ನೋಡುತ್ತಿದ್ದರು. ಚಿಂತಾಮಣಿಯ ಹಳೇ ಪೇಟೆ ಬೀದಿಗಳನ್ನು ನಡೆಸಿಕೊಂಡು ತೋರಿಸುವುದು ಮುರಳಿಮೋಹನನ ಶನಿವಾರದ ಕೆಲಸ. ಇವಳ ಬಾಗಿಲಿಗೆ ಬಂದದ್ದು ಇವತ್ತೇ ಮೊದಲು.

"ಹಿಂದೆ ಇಲ್ಲಿ ಬಳೆ ಮಾಡೋರಿಗೆ ಅರಗು ಕಾಯಿಸಿ ಕೊಡ್ತಿದ್ರು. ಇಲ್ಲಿಂದ ವಿದುರಾಶ್ವತ್ಥ ಏನು ಮಹಾ ದೂರ? ವಿದುರ, ಪಾಂಡವರು, ಅರಗಿನ ಮನೆ... ಲಿಂಕ್ ಸಿಕ್ತಾ?"

ಯಾರೋ "ವಾವ್" ಅಂದರು. ಮುನಿಶಾಮಮ್ಮನಿಗೆ ಮೊದಲೇ ಮೈಯೆಲ್ಲ ಉರಿಯುತ್ತಿತ್ತು. ಬೆಳಿಗ್ಗೆ ರಸ್ತೆ ಅಳೆಯುವವರು ಬಂದು, ಅವಳು ಅಡ್ಡ ನಿಂತರೂ ಕೇಳದೆ, ಬಾಗಿಲ ಪಕ್ಕದ ಕಲ್ಲು ಜಗಲಿಯ ನಡುಮಧ್ಯೆ ಕೆಂಪು ಪೇಂಟಿನಲ್ಲಿ ದೊಡ್ಡದೊಂದು ಇಂಟು ಮಾರ್ಕು ಎಳೆದಿದ್ದರು. ಸೋಮವಾರ ಜೆಸಿಬಿ ಬಂದು ಒಡೆಯುತ್ತದಂತೆ. ಒರೆಸಿ ಹಾಕೋಣವೆಂದು ಹೋದವಳ ಬೆರಳುಗಳೇ ಕೆಂಪಾಗಿದ್ದವು. ಪೇಂಟು ಇನ್ನೂ ಹಸಿಹಸಿಯಾಗಿತ್ತು.

"ಏಮಯ್ಯಾ, ಯಾವ ಅರಗು? ಯಾರು ಹೇಳಿದ್ದು ನಿಂಗೆ?"

"ಊರೆಲ್ಲಾ ಹಂಗೇ ಅಂತಾರಲ್ಲ ಅಜ್ಜಿ. ಅರಗು ಮನೆ ಎಲ್ಲಿ ಅಂದ್ರೆ ಇದನ್ನೇ ತೋರಿಸ್ತಾರೆ."

"ಅರಗಲ್ಲಪ್ಪಾ, ಅರುಗು! ತೆಲುಗಲ್ಲಿ ಜಗಲಿಗೆ ಏನಂತಾರೆ, ಯಾರ್ನಾದ್ರೂ ಕೇಳ್ಕೊಂಡು ಬಾ ಹೋಗು. ಬೀದಿಗೆಲ್ಲಾ ದೊಡ್ಡ ಜಗಲಿ ನಮ್ದೇ ಅಂತ ಅರುಗು ಮನೆ ಅಂದ್ರು. ಮುರುಗಮಲ್ಲದ ದರ್ಗಾಕ್ಕೆ ನಡ್ಕೊಂಡು ಹೋಗೋರು, ಸಂತೆಗೆ ಬಂದೋರು ಇಲ್ಲಿ ಕೂತು ನೀರು ಕುಡ್ದು ಹೋಗೋರು. ಅರಗಂತೆ, ಪಾಂಡವರಂತೆ! ಇನ್ನೊಂದು ಘಳಿಗೆ ಬಿಟ್ರೆ ನನ್ನೇ ಕುಂತಿ ಮಾಡ್ಬಿಡ್ತಿದ್ದೆ."

ಗುಂಪಿನಲ್ಲಿದ್ದ ತನುಜ ಎಂಬ ಹುಡುಗಿ ಕಿಸಕ್ಕನೆ ನಕ್ಕಳು. ಬಿಸಿಲಿಗೆ ಅವಳ ಮುಖ ಬಾಡಿತ್ತು. "ಅಜ್ಜಿ, ಇಲ್ಲಿ ಸ್ವಲ್ಪ ಕೂತ್ಕೋಬಹುದಾ?"

"ಕೇಳೋದೇನವ್ವಾ, ಅರುಗು ಇರೋದೇ ಕೂರಕ್ಕೆ. ಆ ತುದೀಲಿ ಕೂತ್ಕೋ, ನೆರಳೈತೆ."

ಅರುಗಿನ ಮೇಲೆ ಕೂತವರ ಊರು, ಕುಲ ಕೇಳಬಾರದು, ನೀರು ಕೊಡದೆ ಕಳಿಸಬಾರದು, ಅವರಾಗಿ ಏಳುವವರೆಗೆ ಏಳು ಅನ್ನಬಾರದು. ಸೊಸೆಯಾಗಿ ಬಂದ ದಿನವೇ ಅತ್ತೆ ಹೇಳಿಕೊಟ್ಟ ಮಾತು. ಮುನಿಶಾಮಮ್ಮ ಇಷ್ಟು ವರ್ಷ ಒಮ್ಮೆಯೂ ತಪ್ಪಿದವಳಲ್ಲ.

ಮುರಳಿಮೋಹನ್ ಮೈಕನ್ನು ಬಾಯಿಂದ ದೂರ ಹಿಡಿದು ನಕ್ಕ. "ಅರುಗೋ ಅರಗೋ, ಬಿಡಿ ಅಜ್ಜಿ. ಅರಗು ಅಂತ ಬೋರ್ಡ್ ಬರೆಸಿ ಆಗಿದೆ. ಅರುಗು ಅಂತ ಬರೆಸಿದ್ರೂ ತೋರ್ಸಕ್ಕೆ ಏನಿರುತ್ತೆ? ಹೆಂಗೂ ಸೋಮವಾರ ಒಡೀತಾರೆ."

"ಸೋಮವಾರ ಅಂತ ನಿಂಗೆಂಗೆ ಗೊತ್ತಾಯ್ತು?"

"ಅರ್ಜಿ ಕೊಟ್ಟಿದ್ದೇ ನಾನಲ್ವಾ! ಬೀದಿ ಇಕ್ಕಟ್ಟು. ಈ ಜಗಲಿಗಳು ಹೋದ್ರೆ ಮಿನಿ ಬಸ್ಸು ಒಳಗೇ ಬರುತ್ತೆ. ನಡೆಯೋಕಾಗದವರೂ ಆರಾಮಾಗಿ ಹಳೇ ಬೀದಿ ನೋಡ್ಕೊಂಡು ಹೋಗ್ಬಹುದು."

ಮುನಿಶಾಮಮ್ಮ ಕೈಲಿದ್ದ ಮೊರವನ್ನು ಹೊಸ್ತಿಲ ಮೇಲೆ ಕುಕ್ಕಿದಳು.

"ಹಳೇ ಬೀದಿ ತೋರ್ಸಕ್ಕೆ ಹಳೇ ಬೀದೀನೇ ಒಡೆಸ್ತೀಯಾ? ನಡ್ಕೊಂಡು ಬಂದೋರು ಕೂರ್ಲಿ ಅಂತ ಹಾಕಿದ ಕಲ್ಲು ಕಣಯ್ಯಾ ಇದು! ಇದನ್ನ ಕಿತ್ತ ಮೇಲೆ ಬಂದೋರಿಗೆ ಏನು ತೋರಿಸ್ತೀಯಾ, ನಿನ್ನ ಬಸ್ಸಾ?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುರಳಿಮೋಹನ್ ಅವರ ಕಡೆ ತಿರುಗಿ, "ಹಳಬರು, ಸ್ವಲ್ಪ ಎಮೋಷನಲ್ ಆಗ್ತಾರೆ. ಡೆವಲಪ್‌ಮೆಂಟ್ ಅಂದ್ರೆ ಇದೆಲ್ಲಾ ಇದ್ದದ್ದೇ" ಎನ್ನುತ್ತ, ಬೆನ್ನ ಹಿಂದೆ ಏನಿದೆಯೆಂದೂ ನೋಡದೆ, ಬಿಳಿ ಜುಬ್ಬದ ಸಮೇತ ಜಗಲಿಯ ನಟ್ಟನಡುವೆ ದೊಪ್ಪನೆ ಕೂತ.

ಮುನಿಶಾಮಮ್ಮ ಅವನನ್ನು ಎಬ್ಬಿಸಲು ಬಾಯಿ ತೆರೆದಳು. ತನ್ನ ಕೆಂಪು ಬೆರಳುಗಳನ್ನೊಮ್ಮೆ ನೋಡಿಕೊಂಡಳು. ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ, ಒಂದು ಚೊಂಬು ನೀರು ತಂದು ಮೊದಲು ಅವನ ಕೈಗೇ ಕೊಟ್ಟಳು.

"ಕುಡಿಯಪ್ಪಾ. ನಿಧಾನಕ್ಕೆ ಕುಡಿ. ಒರಗಿ ಕೂತ್ಕೋ."

ಅವನು ಒರಗಿ ಕೂತು, ಬಿಟ್ಟಿದ್ದ ಪಾಂಡವರ ಕಥೆಯನ್ನು ಪೂರ್ತಿ ಮಾಡಿದ. ನೀರು ಎಲ್ಲರ ಕೈ ದಾಟಿ ಬಂತು. "ಮುಂದಿನ ಮನೆಗೆ ಹೋಗಣ ಬನ್ನಿ" ಎಂದು ಅವನೆದ್ದಾಗ ಜುಬ್ಬ ಕಲ್ಲಿನಿಂದ ಚರ್ರನೆ ಬಿಟ್ಟುಕೊಂಡಿತು. ಅವನಿಗದು ಗೊತ್ತಾಗಲಿಲ್ಲ.

ತನುಜ ಏಳಲಿಲ್ಲ. "ಅಯ್ಯೋ ಅಜ್ಜಿ, ಹೇಳ್ಬಾರ್ದಿತ್ತಾ?" ಎಂದು ಪಿಸುಗುಟ್ಟಿದಳು.

"ಕೂತೋರ್ನ ಏಳು ಅನ್ನೋ ಪದ್ಧತಿ ಇಲ್ಲವ್ವಾ ಈ ಮನೇಲಿ."

ಹುಡುಗಿ ಅಂಗೈಯಿಂದ ಕಲ್ಲು ಸವರಿದಳು. "ಹಂಗಾದ್ರೆ ಸೋಮವಾರ ನಾನು ಬಂದು ಇಲ್ಲೇ ಕೂತ್ಕೋತೀನಿ. ಬೇರೆಯವರನ್ನೂ ಕರ್ಕೊಂಡು ಬರ್ತೀನಿ."

"ಬಾರವ್ವಾ. ನೀರಿಗೇನು ಕಮ್ಮಿಯಿಲ್ಲ."

ಬೀದಿಯ ತಿರುವಿನಲ್ಲಿ ಮುರಳಿಮೋಹನನ ಮೈಕು ಇನ್ನೂ ಕೇಳುತ್ತಿತ್ತು: "ಇಂಥದ್ದನ್ನೆಲ್ಲಾ ನಾವು ಉಳಿಸ್ಕೋಬೇಕು ಸ್ನೇಹಿತರೇ, ಉಳಿಸ್ಕೋಬೇಕು!" ಹಿಂದೆ ನಡೆಯುತ್ತಿದ್ದವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಅವರ ಮುಂದೆ, ಅವನ ಬಿಳಿ ಜುಬ್ಬದ ಹಿಂಭಾಗದಲ್ಲಿ, ಒಡೆದು ಹಾಕಬೇಕಾದ್ದಕ್ಕೆ ಹಾಕುವ ಆ ಕೆಂಪು ಇಂಟು ಮಾರ್ಕು ಹೆಜ್ಜೆ ಹೆಜ್ಜೆಗೂ ಅಲುಗಾಡುತ್ತ ಬೀದಿ ನೋಡಲು ಹೊರಟಿತ್ತು.