ಅಗ್ಗದ ಊರು

ಅಕ್ಕಿ ಉಳಿದಿತ್ತು. ಅದೂ ಅರ್ಧ ಡಬ್ಬ.

ವೆಂಕಟರಮಣಪ್ಪ ಮೇಷ್ಟ್ರು ಡಬ್ಬದೊಳಗೆ ಕೈಯಿಳಿಸಿ ಮತ್ತೊಮ್ಮೆ ನೋಡಿದರು. ತಿಂಗಳು ಮುಗಿಯುತ್ತ ಬಂದಿದೆ, ಅಕ್ಕಿ ಮುಗಿದಿಲ್ಲ. ಯಾರೋ ತಮ್ಮ ಪ್ರಯೋಗದಲ್ಲಿ ಕೈಯಾಡಿಸಿದ್ದಾರೆ. ಯಾರೆಂಬುದೂ ಅವರಿಗೆ ಗೊತ್ತಿತ್ತು: ಹೆಂಡತಿ ಶಾಮಲಮ್ಮ.

ಮೇಷ್ಟ್ರು ಕೋಲಾರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ಆಗಷ್ಟೇ ನಿವೃತ್ತರಾದವರು. ಕೈಗೆ ಬಂದ ದುಡ್ಡಿನಲ್ಲಿ ಒಂದೇ ಒಂದು ಮನೆ ಕೊಳ್ಳಬಹುದಿತ್ತು. ಎಡವಿದರೆ ಇನ್ನೊಂದು ಅವಕಾಶವಿಲ್ಲ. ಕೋಲಾರ ದುಬಾರಿ. ಸುತ್ತಲಿನ ಊರುಗಳಲ್ಲಿ ಎಲ್ಲಿ ಬದುಕು ಅಗ್ಗ? ಕೇಳಿದರೆ ಒಬ್ಬೊಬ್ಬರದು ಒಂದೊಂದು ರಾಗ. ಮೇಷ್ಟ್ರು ಬಾಯಿಮಾತು ನಂಬುವ ಪೈಕಿ ಅಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಒಂದೊಂದರಲ್ಲೂ ಒಂದೊಂದು ತಿಂಗಳು ಬಾಡಿಗೆಗಿದ್ದು ನೋಡೇಬಿಡುವುದೆಂದು ಹೊರಟರು.

"ಎಲ್ಲಾ ಒಂದೇ ಥರ ಇರ್ಬೇಕು ಕಣೇ. ತಿಂಗಳಿಗೆ ಅದೇ ಒಂದು ಡಬ್ಬ ಅಕ್ಕಿ, ಅದೇ ಅಡುಗೆ, ಅದೇ ಎಣ್ಣೆ, ಅದೇ ಸೋಪು. ಊರು ಮಾತ್ರ ಬದಲಾಗ್ಬೇಕು. ಆಗ್ಲೇ ಲೆಕ್ಕ ಸರಿ ಬರೋದು."

"ಹೂಂ ರೀ," ಎಂದರು ಶಾಮಲಮ್ಮ. ಅದಕ್ಕಿಂತ ಉದ್ದದ ಉತ್ತರ ಕೊಟ್ಟು ಆಕೆಗೆ ರೂಢಿಯಿರಲಿಲ್ಲ.

ಮಾಲೂರಿನಲ್ಲಿ ಅಕ್ಕಿ ಡಬ್ಬ ಪೂರ್ತಿ ಬರಿದಾಯಿತು. ಬೆಂಗಳೂರಿನ ಗಾಳಿ ಬೀಸಿದ ಊರು ಇನ್ನು ಹೇಗಿದ್ದೀತು ಎಂದು ಮೇಷ್ಟ್ರು ಮೂಗು ಮುರಿದರು. ಆ ತಿಂಗಳ ಕೊನೆಗೆ ಶಾಮಲಮ್ಮ ಒಮ್ಮೆ ತಾವಾಗಿ ಬಾಯಿಬಿಟ್ಟದ್ದುಂಟು.

"ಒಂದಿನ ಕೋಲಾರಕ್ಕೆ ಹೋಗ್ಬರ್ತೀನಿ ರೀ. ಸ್ವಲ್ಪ ಕೆಲ್ಸ ಇತ್ತು."

"ಏನು, ಹಳೇ ಬೀದಿಯವರ ಜೊತೆ ಹರಟೆ ತಾನೇ? ಬಸ್ ಚಾರ್ಜು ಬಿದ್ರೆ ಲೆಕ್ಕ ಎಲ್ಲಾ ಕೆಡುತ್ತೆ. ಪರೀಕ್ಷೆ ಮುಗಿಯೋವರ್ಗೂ ತಡ್ಕೊಳೇ."

ಆಕೆ ತಡೆದುಕೊಂಡರು.

ಮುಳಬಾಗಿಲಿನಲ್ಲಿ ಡಬ್ಬದ ತಳದಲ್ಲಿ ಅಕ್ಕಿ ಮಿಕ್ಕಿತು. ರಾಗಿ ಹಿಟ್ಟೂ ಮಿಕ್ಕಿತು. ಶಾಮಲಮ್ಮ ಎಲೆ-ಅಡಿಕೆ ತರಿಸುವುದನ್ನು ಬಿಟ್ಟರು. ಹೊಸ ರವಿಕೆ ಬೇಡವೆಂದು ಹಳೆಯವನ್ನೇ ಕೂತು ಬಿಗಿ ಮಾಡಿಕೊಂಡರು. ಈ ಊರಿನಲ್ಲಿ ಹೆಂಗಸರಿಗೂ ಮಿತವ್ಯಯ ಬರುತ್ತದೆ ನೋಡು ಎಂದು ಮೇಷ್ಟ್ರು ಹಿಗ್ಗಿದರು.

ಈಗ ಶ್ರೀನಿವಾಸಪುರ. ಅರ್ಧ ಡಬ್ಬ! ಇಷ್ಟು ಅಗ್ಗವಾದರೆ ಯಾರಿಗಾದರೂ ಅನುಮಾನ ಬರಬೇಕಾದ್ದೇ. ಶಾಮಲಮ್ಮನ ತಂಗಿ ಸುನಂದ ಇದ್ದದ್ದು ಇದೇ ಊರಿನಲ್ಲಿ, ಎರಡು ಬೀದಿ ಆಚೆ. ಅಕ್ಕತಂಗಿ ಸೇರಿ ಮಸಲತ್ತು ಮಾಡಿದ್ದಾರೆ. ತಂಗಿ ಮನೆಯಿಂದ ಕದ್ದುಮುಚ್ಚಿ ಊಟ ಬರುತ್ತಿದೆ. ಊರನ್ನು ಅಗ್ಗವೆಂದು ತೋರಿಸಿ ಇಲ್ಲೇ ಮನೆ ಕೊಳ್ಳಿಸುವ ಹುನ್ನಾರ ಇದು.

ಮೇಷ್ಟ್ರ ತಟ್ಟೆಯಲ್ಲಂತೂ ಒಂದು ತುತ್ತೂ ಕಡಿಮೆಯಾಗಿರಲಿಲ್ಲ. ದಿನಾ ಅದೇ ಮುದ್ದೆ, ಅದೇ ಅನ್ನ, ಅದೇ ಸಾರು. ಅವರು ಉಂಡು ನಿದ್ದೆಗೆ ಜಾರಿದ ಮೇಲೆ ಶಾಮಲಮ್ಮನ ಊಟ; ಮದುವೆಯಾದಾಗಿನಿಂದ ಆ ಮನೆಯ ಕ್ರಮವೇ ಹಾಗೆ. ಹಾಗಾದರೆ ಸಾಗಣೆ ನಡೆಯುವುದೂ ಆಗಲೇ ಇರಬೇಕು.

ಅವತ್ತು ಮೇಷ್ಟ್ರು ಗೊರಕೆ ಹೊಡೆದಂತೆ ಮಾಡಿ, ಮೆಲ್ಲಗೆದ್ದು ಅಡುಗೆಮನೆಗೆ ನುಗ್ಗಿದರು. ಶಾಮಲಮ್ಮ ಪಾತ್ರೆ ತೊಳೆಯುತ್ತಿದ್ದರು. ಊಟದ ಕ್ಯಾರಿಯರ್ ಎಲ್ಲೂ ಕಾಣಲಿಲ್ಲ. ಹಿತ್ತಲ ಬಾಗಿಲಿಗೆ ಚಿಲಕ ಹಾಕಿತ್ತು.

"ನಿನ್ ಊಟ?"

"ಆಯ್ತು ರೀ."

"ಇಷ್ಟು ಬೇಗ?"

"ನಂದೇನು ಬಿಡಿ, ಎಷ್ಟೊತ್ತು."

ಸುನಂದಳ ಮನೆಗೂ ಹೋಗಿ ಅಡ್ಡಡ್ಡ ಪ್ರಶ್ನೆ ಕೇಳಿದರು. ಅವಳಿಗೆ ರೇಗಿತು. "ನಾನ್ಯಾಕೆ ಕದ್ದು ಊಟ ಕಳಿಸ್ಲಿ ಬಾವ? ಊಟಕ್ಕೆ ಬಾ ಅಂತ ಕರೆದ್ರೂ ಅಕ್ಕ ಬರ್ತಿಲ್ಲ. ನೀವೇ ಬಿಡ್ತಿಲ್ಲ ಅನ್ಕೊಂಡಿದ್ದೆ."

ಅನುಮಾನ ಕರಗಿತು. ಉಳಿದದ್ದು ವಿಜ್ಞಾನ. ಈ ಊರಿನ ನೀರಿಗೆ ಅನ್ನ ಚೆನ್ನಾಗಿ ಒದಗುತ್ತದೆ, ಅದಕ್ಕೇ ಅಕ್ಕಿ ಕಡಿಮೆ ಸಾಕು ಎಂದು ಮೇಷ್ಟ್ರು ಕಂಡುಹಿಡಿದರು. ಎದುರು ಸಿಕ್ಕವರಿಗೆಲ್ಲ ಹೇಳಿಕೊಂಡೂ ಬಂದರು. ಇದ್ದಬದ್ದ ದುಡ್ಡನ್ನೆಲ್ಲ ಸುರಿದು ಶ್ರೀನಿವಾಸಪುರದಲ್ಲೇ ಮನೆ ನೋಂದಾಯಿಸಿಕೊಂಡರು. ಆ ದಿನ ಅವರಷ್ಟು ಬೀಗಿದವರು ಊರಲ್ಲಿ ಬೇರೆ ಯಾರೂ ಇರಲಿಲ್ಲ.

ಗೃಹಪ್ರವೇಶದ ದಿನ ಸುನಂದ ಹಟ ಹಿಡಿದಳು. "ಇವತ್ತಾದ್ರೂ ಗಂಡ ಹೆಂಡ್ತಿ ಒಟ್ಟಿಗೆ ಕೂತ್ಕೊಂಡು ಊಟ ಮಾಡ್ಬೇಕು. ಬಡ್ಸೋದು ನಾನು."

ಬೇಡ ಬೇಡವೆಂದರೂ ಬಿಡದೆ ಅಕ್ಕನನ್ನು ಕೂರಿಸಿದಳು. ಮೇಷ್ಟ್ರ ಎಲೆಗೆ ಎರಡನೇ ಒಬ್ಬಟ್ಟು ಬಿದ್ದಾಗಲೂ ಪಕ್ಕದ ಎಲೆಯಲ್ಲಿ ಬಡಿಸಿದ್ದು ಬಡಿಸಿದಂತೆಯೇ ಇತ್ತು. "ತಿನ್ನೇ ಅಕ್ಕ," ಎಂದು ಸುನಂದ ತಾನೇ ಒಂದು ತುಂಡು ಅಕ್ಕನ ಬಾಯಿಗಿಟ್ಟಳು. ಶಾಮಲಮ್ಮ ಅಗಿದರು, ಅಗಿಯುತ್ತಲೇ ಇದ್ದರು. ಕೊನೆಗೆ ಸೆರಗಿಗೆ ಉಗುಳಿ ಅಲ್ಲೇ ಒರಗಿದರು. ಎತ್ತಲು ಹೋದ ಸುನಂದ ಅಕ್ಕನ ತೋಳು ಹಿಡಿದವಳೇ ಚೀರಿದಳು. ಸೀರೆಯೊಳಗೆ ಬರೀ ಮೂಳೆಯಿತ್ತು.

ಕೋಲಾರದ ಆಸ್ಪತ್ರೆಯಲ್ಲಿ ವೈದ್ಯೆ ಮೇಷ್ಟ್ರನ್ನೂ ಸುನಂದಳನ್ನೂ ಕೂರಿಸಿಕೊಂಡು ಹೇಳಿದರು. "ಅನ್ನನಾಳದಲ್ಲಿ ಗಡ್ಡೆ. ಮಾಲೂರಲ್ಲಿದ್ದಾಗ್ಲೇ ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಗ್ತಿತ್ತಂತೆ. ಆಮೇಲೆ ಮುದ್ದೆ ಇಳೀಲಿಲ್ಲ, ಆಮೇಲೆ ಅನ್ನ ಇಳೀಲಿಲ್ಲ. ಶ್ರೀನಿವಾಸಪುರಕ್ಕೆ ಬಂದ್ಮೇಲಂತೂ ಬರೀ ಗಂಜಿ ನೀರಲ್ಲಿ ಇದ್ದಾರೆ. ತೋರಿಸ್ಕೊಳ್ಳೋಕೆ ಕೋಲಾರಕ್ಕೆ ಬರೋಣ ಅಂತಿದ್ರಂತೆ. ಅವತ್ತೇ ಬಂದಿದ್ರೆ ಏನಾದ್ರೂ ಮಾಡ್ಬಹುದಿತ್ತು. ಈಗ ಕೈ ಮೀರಿದೆ."

ಸುನಂದ ಗೋಡೆಗೆ ತಲೆಯಿಟ್ಟು ಗೋಳೋ ಎಂದು ಅತ್ತಳು. ಮೇಷ್ಟ್ರು ಬೆರಳು ಮಡಚಿ ಮಡಚಿ ಏನೋ ಲೆಕ್ಕ ಹಾಕಿದರು.

"ಅಯ್ಯೋ!" ಎಂದರು ಕೊನೆಗೆ. "ಹಾಗಾದ್ರೆ ಶ್ರೀನಿವಾಸಪುರ ಅಗ್ಗದ ಊರೇ ಅಲ್ಲ!"